ಕೊಚ್ಚಿ ಕಡಲಿನ ಕೆಸರಿನಲ್ಲಿ ಉಳಿದ ಮಳೆಗಾಲಗಳು

2012ರಲ್ಲಿ ಕೇರಳದ ದೋಣಿ, ಬೋಟುಗಳು ದಡಕ್ಕೆ ತಂದ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಬಂದದ್ದು 3,297 ಟನ್. ಎರಡೂ ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂದಾಜುಗಳು. ಒಂಬತ್ತು ವರ್ಷಗಳಲ್ಲಿ ನೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಕೊಚ್ಚಿಯವರು ಮತ್ತಿ ಎಂದು, ತಿರುವನಂತಪುರದವರು ಚಾಳ ಎಂದು ಕರೆಯುವ ಮೀನು ಇದು. ಮಂಗಳೂರು, ಉಡುಪಿ, ಕಾಸರಗೋಡಿನ ಬಡವರ ಮನೆಯ ಸಾರಿಗೆ ತಪ್ಪದೆ ಒದಗುತ್ತಿದ್ದದ್ದೂ ಇದೇ. ಒಂದು ಕಾಲದಲ್ಲಿ ಇದರ ಎಣ್ಣೆ ದೋಣಿಯ ಹಲಗೆಗೆ, ಒಣಗಿಸಿದ ಮೀನು ತೆಂಗು-ಕಾಫಿ ತೋಟದ ಗೊಬ್ಬರಕ್ಕೆ ಹೋಗುತ್ತಿತ್ತು.

ಬೂತಾಯಿ ಕಾಣೆಯಾದಾಗಲೆಲ್ಲ ಕರಾವಳಿಯಲ್ಲಿ ಎರಡು ಮಾತು ಏಳುತ್ತವೆ. ಮರಿಮೀನನ್ನೂ ಬಿಡದೆ ಬಾಚಿದ್ದರಿಂದ ಹೀಗಾಯಿತು ಎಂಬುದು ಒಂದು. ಕಡಲೇ ಬದಲಾಗಿದೆ ಎಂಬುದು ಇನ್ನೊಂದು. ಈ ವಾದಕ್ಕೆ ಶತಮಾನದ ವಯಸ್ಸಿದೆ. ಮದ್ರಾಸ್ ಪ್ರಾಂತದ ಮೀನುಗಾರಿಕೆಯನ್ನು ನೋಡಿಕೊಳ್ಳುತ್ತಿದ್ದ ಜೇಮ್ಸ್ ಹಾರ್ನೆಲ್ 1910ರ ಸುಮಾರಿಗೇ ಬೂತಾಯಿಯ ಏರಿಳಿತದ ಬಗ್ಗೆ ಬರೆದಿದ್ದರು. 1940ರ ದಶಕದಲ್ಲಿ ಮೀನು ಮತ್ತೆ ಕೈಕೊಟ್ಟಾಗ, 1943ರಲ್ಲಿ ಮದ್ರಾಸ್ ಸರ್ಕಾರ ಸಣ್ಣ ಬೂತಾಯಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಆಗ ಮಂಗಳೂರು, ಕಾಸರಗೋಡು ಎರಡೂ ಆ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದವು. ಮುಂದಿನ ದಶಕದಲ್ಲಿ ಮೀನು ಮರಳಿತು. ವಾದ ಮಾತ್ರ ಹಾಗೇ ಉಳಿಯಿತು.

ಅದು ಬಗೆಹರಿಯದಿರಲು ಕಾರಣ ಸರಳ. ಬಂದರು ಬಂದರಿಗೂ ಜನರನ್ನು ಕಳಿಸಿ ಮೀನಿನ ಲೆಕ್ಕ ಬರೆದಿಡುವ ಪದ್ಧತಿ ಬಂದದ್ದು ಸ್ವಾತಂತ್ರ್ಯದ ನಂತರ. ಬೂತಾಯಿಯ ಏರಿಳಿತಗಳಾದರೋ ದಶಕಗಳಷ್ಟು ಉದ್ದದವು. ನಮ್ಮ ಪುಸ್ತಕದಲ್ಲಿರುವುದು ಅಂಥ ಬೆರಳೆಣಿಕೆಯ ಸುತ್ತುಗಳು ಮಾತ್ರ. ಅಷ್ಟರಲ್ಲಿ ಯಂತ್ರದ ದೋಣಿ ಬಂತು, ಟ್ರಾಲ್ ಬಂತು, ರಿಂಗ್ ಸೀನ್ ಬಲೆ ಬಂತು, ಸಮುದ್ರವೂ ಬಿಸಿಯಾಗುತ್ತ ಹೋಯಿತು. ಮನುಷ್ಯ ಕೈಯಿಡುವ ಮೊದಲು ಈ ಕಡಲು ತನ್ನಷ್ಟಕ್ಕೆ ಎಷ್ಟು ಏರುತ್ತಿತ್ತು, ಎಷ್ಟು ಇಳಿಯುತ್ತಿತ್ತು ಎಂದು ತಿಳಿಯಬೇಕಾದರೆ ಪುಸ್ತಕಕ್ಕಿಂತ ಹಳೆಯದಾದ ಸಾಕ್ಷಿ ಬೇಕು. ಆ ಸಾಕ್ಷಿ ಕಡಲ ತಳದ ಕೆಸರಿನಲ್ಲಿದೆ.

ಮೊದಲು ಮೀನಿಗೆ ಊಟ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇರಳದ ಕರೆಯುದ್ದಕ್ಕೂ ಗಾಳಿ ವಾಯವ್ಯದ ಕಡೆಯಿಂದ ದಕ್ಷಿಣಕ್ಕೆ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ನೀರು ಗಾಳಿಯ ಬಲಕ್ಕೆ ಸರಿಯುತ್ತದೆ. ಸ್ವೀಡನ್ನಿನ ಎಕ್ಮನ್ 1905ರಲ್ಲಿ ಇದರ ಗಣಿತ ಬರೆದರು. ನಮ್ಮ ಕರೆಯಲ್ಲಿ ಗಾಳಿಯ ಬಲಕ್ಕಿರುವುದು ಪಶ್ಚಿಮ, ಅಂದರೆ ತೆರೆದ ಕಡಲು. ಮೇಲಿನ ಬೆಚ್ಚನೆಯ ನೀರು ದಡ ಬಿಟ್ಟು ಹೋಗುತ್ತದೆ, ಆ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ನೀರು ಏಳುತ್ತದೆ. ಕೆಳಗಿನ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಸಮೃದ್ಧ. ಅದು ಬೆಳಕಿಗೆ ಬಂದೊಡನೆ ಸೂಕ್ಷ್ಮ ಸಸ್ಯಗಳು ಹಬ್ಬುತ್ತವೆ, ಅವನ್ನು ತಿನ್ನಲು ಬೂತಾಯಿ ಬರುತ್ತದೆ. ಈ ಮೇಲುಕ್ಕು ಮೊದಲು ಕಾಣಿಸಿಕೊಳ್ಳುವುದು ಕನ್ಯಾಕುಮಾರಿ-ತಿರುವನಂತಪುರದ ಕಡೆ. ಮಳೆಗಾಲ ಬಲಿತಂತೆ ಕೊಲ್ಲಂ, ಕೊಚ್ಚಿ, ಕೋಳಿಕ್ಕೋಡು ದಾಟಿ ಮಂಗಳೂರು, ಕಾರವಾರದತ್ತ ಹಬ್ಬುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 30 ಡಿಗ್ರಿ ಮುಟ್ಟುವ ಮೇಲ್ನೀರು ಆಗಸ್ಟ್ ಹೊತ್ತಿಗೆ ಹಲವು ಡಿಗ್ರಿ ತಣಿದಿರುತ್ತದೆ.

ಇಲ್ಲೊಂದು ತೊಡಕಿದೆ. ಕೇರಳದ ಮೇಲುಕ್ಕಿಗೆ ಕೇರಳದ ಗಾಳಿ ಒಂದೇ ಕಾರಣವಲ್ಲ. ಬಂಗಾಳ ಕೊಲ್ಲಿಯ ಗಾಳಿ ಎಬ್ಬಿಸಿದ ಕೆಲ್ವಿನ್ ಅಲೆಗಳು ಶ್ರೀಲಂಕಾವನ್ನು ಸುತ್ತಿಕೊಂಡು, ನಮ್ಮ ಕರೆಯನ್ನು ಹಿಡಿದು ಉತ್ತರಕ್ಕೆ ಬರುತ್ತವೆ. ಅವು ತಣ್ಣೀರಿನ ಮಟ್ಟವನ್ನು ಮೇಲಕ್ಕೋ ಕೆಳಕ್ಕೋ ಎಳೆಯುತ್ತವೆ. ದಡದಲ್ಲಿ ನಿಂತವರ ಕಣ್ಣಿಗೆ ಬೀಳುವ ಅಲೆಗಳಲ್ಲ ಇವು, ಸಮುದ್ರದ ಮಟ್ಟದಲ್ಲಿ ಕೆಲವೇ ಸೆಂಟಿಮೀಟರ್ ವ್ಯತ್ಯಾಸ. ಆದರೂ ಕೊಚ್ಚಿಯ ಮೀನಿನ ಊಟದಲ್ಲಿ ಬಂಗಾಳ ಕೊಲ್ಲಿಯ ಗಾಳಿಗೂ ಪಾಲಿದೆ ಎಂದಾಯಿತು.

ಕೇರಳದ ಮೇಲುಕ್ಕು ವಿಜ್ಞಾನದ ಕಣ್ಣಿಗೆ ಬಿದ್ದ ಬಗೆಯೂ ಮೀನುಗಾರಿಕೆಯದೇ. 1950ರ ದಶಕದಲ್ಲಿ ನಾರ್ವೆ ಸರ್ಕಾರದ ನೆರವಿನ ಇಂಡೋ-ನಾರ್ವೀಜಿಯನ್ ಯೋಜನೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಶುರುವಾಯಿತು. ಅದರ 'ಕಲಾವ' ಎಂಬ ಹಡಗಿನಿಂದ ಉಷ್ಣತೆ, ಉಪ್ಪಿನಂಶ, ಆಮ್ಲಜನಕದ ಅಳತೆಗಳು ನಡೆದವು. ಕಾರ್ಲ್ ಬಾನ್ಸೆ ಎಂಬ ವಿಜ್ಞಾನಿ 1959ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಓದಬೇಕಾದದ್ದು. ಮೇಲೇಳುವ ನೀರು ಗೊಬ್ಬರ ತರುತ್ತದೆ, ಜೊತೆಗೆ ಆಮ್ಲಜನಕದ ಕೊರತೆಯನ್ನೂ ತರುತ್ತದೆ. ಅದು ದಂಡೆಯತ್ತ ಹರಡಿದಾಗ ತಳದ ಮೀನುಗಳು ಜಾಗ ಬಿಟ್ಟು ಓಡುತ್ತವೆ, ಟ್ರಾಲ್ ಬಲೆ ಬರಿದಾಗಿ ಬರುತ್ತದೆ ಎಂದು ಅವರು ತೋರಿಸಿದರು. ಮೇಲುಕ್ಕು ಹೆಚ್ಚಿದಷ್ಟೂ ಮೀನು ಹೆಚ್ಚು ಎಂಬ ಲೆಕ್ಕ ಅಲ್ಲಿಗೇ ಮುಗ್ಗರಿಸುತ್ತದೆ.

ಇನ್ನು ಕೆಸರಿಗೆ ಬರೋಣ. ಸಮುದ್ರದ ಮೇಲ್ನೀರಿನಲ್ಲಿ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು ತೇಲುತ್ತಿರುತ್ತವೆ. ಸಂಶೋಧಕರು ಚಿಕ್ಕದಾಗಿ ಫೊರಾಮ್ ಎನ್ನುತ್ತಾರೆ. ಹೆಚ್ಚಿನವು ಮಿಲಿಮೀಟರಿನ ಅರ್ಧಕ್ಕಿಂತ ಚಿಕ್ಕವು, ಬದುಕು ಕೆಲವೇ ವಾರಗಳದು. ಅಷ್ಟರಲ್ಲಿ ಅವು ಸುತ್ತಲಿನ ನೀರಿನಿಂದ ಸುಣ್ಣ ತೆಗೆದುಕೊಂಡು ಕೋಣೆ ಕೋಣೆಯಾಗಿ ಚಿಪ್ಪು ಕಟ್ಟುತ್ತವೆ. ಸತ್ತಾಗ ಚಿಪ್ಪು ತಳಕ್ಕಿಳಿದು ಕೆಸರಿನಲ್ಲಿ ಸೇರುತ್ತದೆ. ಯಾವ ಜಾತಿ ಎಲ್ಲಿ ಬದುಕುತ್ತದೆ ಎಂಬುದಕ್ಕೆ ನಿಯಮವಿದೆ. ಗ್ಲೋಬಿಜೆರಿನಾಯ್ಡಿಸ್ ರೂಬರ್ ಬೆಚ್ಚನೆಯ ಮೇಲ್ನೀರಿನದು. ನಿಯೋಗ್ಲೋಬೊಕ್ವಾಡ್ರಿನಾ ಡ್ಯುಟರ್ಟ್ರಿ ತುಸು ಕೆಳಗೆ, ಬಿಸಿನೀರು ತಣ್ಣೀರಿಗೆ ತಿರುಗುವ ಪದರದ ಸುತ್ತ ಇರುತ್ತದೆ. ನಮ್ಮ ಕಥೆಯ ಮುಖ್ಯ ಜೀವಿ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್. ಫ್ರಾನ್ಸಿನ ಡಿ'ಆರ್ಬಿನ್ಯಿ 1826ರಲ್ಲಿ ಇದಕ್ಕೆ ಹೆಸರಿಟ್ಟರು. ಇದರ ತವರು ತಣ್ಣನೆಯ ಕಡಲು. ಉಷ್ಣವಲಯದಲ್ಲಿ ಇದು ದಂಡಿಯಾಗಿ ಸಿಗುವುದು ತಣ್ಣೀರು ಮೇಲೆದ್ದು ಆಹಾರ ಉಕ್ಕುವ ಕಡೆಗಳಲ್ಲಿ. ಆದ್ದರಿಂದ ಕೆಸರಿನ ಒಂದು ಪದರದಲ್ಲಿ ಬುಲ್ಲಾಯ್ಡಿಸ್ ಪಾಲು ಏರಿದರೆ ಆ ಕಾಲದಲ್ಲಿ ಮೇಲುಕ್ಕು ಬಲವಾಗಿತ್ತು ಎಂಬ ಊಹೆಗೆ ಆಧಾರ ಸಿಗುತ್ತದೆ.

ಕೆಲಸ ನಡೆಯುವ ಬಗೆ ಹೀಗೆ. ಹಡಗಿನಿಂದ ಭಾರ ಕಟ್ಟಿದ ಉಕ್ಕಿನ ಕೊಳವೆಯನ್ನು ತಳಕ್ಕೆ ಬಿಡುತ್ತಾರೆ. ಅದು ತನ್ನ ತೂಕದಿಂದಲೇ ಕೆಸರಿಗೆ ನಾಟಿ, ಕೆಲವು ಮೀಟರ್ ಉದ್ದದ ಕೆಸರಿನ ಕಂಬವನ್ನು ಒಳಗೆ ಹಿಡಿದುಕೊಂಡು ಮೇಲೆ ಬರುತ್ತದೆ. ಇದನ್ನು ಕೋರ್ ಎನ್ನುತ್ತಾರೆ. 1983ರಲ್ಲಿ ಸೇವೆಗೆ ಬಂದ 'ಸಾಗರ ಕನ್ಯಾ' ಹಡಗು ನಮ್ಮ ಪಶ್ಚಿಮ ಕರೆಯಲ್ಲಿ ಇಂಥ ಬಹಳಷ್ಟು ಕೋರ್‌ಗಳನ್ನು ತೆಗೆದಿದೆ. ಪ್ರಯೋಗಾಲಯದಲ್ಲಿ ಕಂಬವನ್ನು ಒಂದೆರಡು ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸುತ್ತಾರೆ. ಒಣಗಿಸಿ, ತೂಗಿ, ನೀರಿನಲ್ಲಿ ನೆನೆಸಿ, 63 ಮೈಕ್ರಾನ್ ಕಣ್ಣಿನ ಜರಡಿಯಲ್ಲಿ ತೊಳೆಯುತ್ತಾರೆ. ಜೇಡಿ ಹರಿದುಹೋಗಿ ಚಿಪ್ಪುಗಳು ಉಳಿಯುತ್ತವೆ. ದೊಡ್ಡವನ್ನು ಬೇರ್ಪಡಿಸಿ, ಸಮಪಾಲು ಮಾಡುತ್ತ ಮಾಡುತ್ತ ಮುನ್ನೂರರ ಆಸುಪಾಸಿಗೆ ತಂದು, ಕಪ್ಪು ತಟ್ಟೆಯಲ್ಲಿ ಹರವಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಆಮೇಲೆ ನೀರಿನಲ್ಲಿ ಅದ್ದಿದ ಅತಿ ಸಣ್ಣ ಕುಂಚದ ತುದಿಯಿಂದ ಒಂದೊಂದೇ ಚಿಪ್ಪನ್ನು ಎತ್ತಿ, ಜಾತಿ ಗುರುತಿಸಿ, ಸ್ಲೈಡಿನ ಮನೆಗಳಲ್ಲಿ ಕೂರಿಸಬೇಕು. ಒಂದು ಕೋರ್‌ಗೆ ನೂರಾರು ಬಿಲ್ಲೆ, ಒಂದೊಂದು ಬಿಲ್ಲೆಗೆ ಮುನ್ನೂರು ಚಿಪ್ಪು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ, ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನ ವಿಭಾಗದಲ್ಲಿ, ತಿರುವನಂತಪುರದ ಆಕ್ಕುಳಂನಲ್ಲಿರುವ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದಲ್ಲಿ ಕಡಲ ಕೆಸರನ್ನು ಓದುವ ಪಳಗಿದ ಕೈಗಳಿವೆ. ಹೆಚ್ಚಿನವರು ಪಿಎಚ್‌ಡಿ ಮಾಡುತ್ತಿರುವ ಯುವಕ ಯುವತಿಯರು. ಅವರ ಕಣ್ಣು, ಕತ್ತಿನ ಶ್ರಮಕ್ಕೆ ತಕ್ಕ ಮನ್ನಣೆ ಈ ದೇಶದಲ್ಲಿ ಇನ್ನೂ ಸಿಕ್ಕಿಲ್ಲ.

ಎಣಿಕೆಯ ಜೊತೆಗೆ ರಸಾಯನವೂ ಬೇಕು. ಚಿಪ್ಪಿನ ಸುಣ್ಣದಲ್ಲಿ ಹಗುರ ಮತ್ತು ಭಾರದ ಆಮ್ಲಜನಕದ ಪ್ರಮಾಣ ನೀರಿನ ತಾಪಕ್ಕೂ ಉಪ್ಪಿನಂಶಕ್ಕೂ ತಕ್ಕಂತೆ ಬದಲಾಗುತ್ತದೆ. ಚೆಸರೆ ಎಮಿಲಿಯಾನಿ 1955ರಲ್ಲಿ ಇದರಿಂದ ಹಿಮಯುಗಗಳ ಕಡಲನ್ನು ಓದಿದರು. ಮೆಗ್ನೀಸಿಯಂ-ಕ್ಯಾಲ್ಸಿಯಂ ಅನುಪಾತ ಮುಖ್ಯವಾಗಿ ತಾಪವನ್ನು ಹೇಳುತ್ತದೆ, ಒಂದು ಡಿಗ್ರಿ ಏರಿದರೆ ಸುಮಾರು ಶೇ 9ರಷ್ಟು ಹೆಚ್ಚು. ಎರಡನ್ನೂ ಒಟ್ಟಿಗೆ ಅಳೆದರೆ ತಾಪದ ಪಾಲನ್ನು ಕಳೆದು ಉಪ್ಪಿನ, ಅಂದರೆ ಮಳೆ-ಹೊಳೆಯ ಪಾಲನ್ನು ಅಂದಾಜಿಸಬಹುದು. ಗೋವಾದ ರಾಜೀವ್ ಸರಸ್ವತ್ ಮತ್ತು ಸಂಗಡಿಗರು ಆಗ್ನೇಯ ಅರಬ್ಬಿ ಸಮುದ್ರದ ಒಂದು ಕೋರ್‌ನಲ್ಲಿ ಹೀಗೆಯೇ ಮಾಡಿ, ಹಿಮಯುಗ ಮುಗಿಯುವಾಗ ಕಡಲು ಬಿಸಿಯೇರಿದ ಕ್ರಮವನ್ನೂ ಮುಂಗಾರು ಬಲಗೊಂಡ ಕ್ರಮವನ್ನೂ 2013ರಲ್ಲಿ ಪ್ರಕಟಿಸಿದರು.

ಪದರದ ವಯಸ್ಸು ಹೇಳುವುದು ಕಾರ್ಬನ್-14. ಇದಕ್ಕೆ ಕೆಲವು ಮಿಲಿಗ್ರಾಂ ಚಿಪ್ಪು ಬೇಕು. ಕೇಳಲು ಸಣ್ಣ ತೂಕ, ಆದರೆ ಹಲವು ನೂರು ಚಿಪ್ಪುಗಳನ್ನು ಆರಿಸಿದರೆ ಮಾತ್ರ ಅಷ್ಟಾಗುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ಮೇಲುಕ್ಕಿನಿಂದಲೇ ಹುಟ್ಟುತ್ತದೆ. ಆಳದ ನೀರು ಗಾಳಿಯ ಸಂಪರ್ಕ ಬಿಟ್ಟು ನೂರಾರು ವರ್ಷ ಕಳೆದಿರುತ್ತದೆ. ಅದರೊಳಗಿನ ಕಾರ್ಬನ್ ಹಳೆಯದಾಗಿರುತ್ತದೆ. ಸಮುದ್ರದ ಮೇಲ್ನೀರಿನಲ್ಲಿ ಕಟ್ಟಿದ ಚಿಪ್ಪು ಕಟ್ಟಿದ ದಿನವೇ ಸರಾಸರಿ 400 ವರ್ಷ ಹಳೆಯದಾಗಿ ಕಾಣುವುದು ಇದರಿಂದಲೇ. ಮೇಲುಕ್ಕು ಜೋರಾಗಿರುವಲ್ಲಿ ಈ ಸುಳ್ಳು ವಯಸ್ಸು ಇನ್ನೂ ಹೆಚ್ಚು, ಮೇಲುಕ್ಕು ತಗ್ಗಿದ ಕಾಲದಲ್ಲಿ ಕಡಿಮೆ. ಯಾವುದನ್ನು ತಿಳಿಯಲು ಹೊರಟಿದ್ದೇವೋ ಅದೇ ನಮ್ಮ ಗಡಿಯಾರವನ್ನು ಹಿಂದೆ ಮುಂದೆ ಮಾಡುತ್ತದೆ. ಅದಕ್ಕೇ ಕೇರಳದ ಕರೆಯ ಯಾವುದೇ ಕೋರ್‌ನಲ್ಲಿ ನೂರಿನ್ನೂರು ವರ್ಷದ ನಿಖರತೆಯನ್ನು ಹೇಳಿಕೊಂಡರೆ ನಾನು ಎರಡು ಸಲ ಓದುತ್ತೇನೆ.

ಅರಬ್ಬಿ ಸಮುದ್ರದ ಪಶ್ಚಿಮ ದಂಡೆ, ಅಂದರೆ ಒಮಾನ್, ಈ ವಿದ್ಯೆಯ ಪಾಠಶಾಲೆ. ಅಲ್ಲಿ ಮುಂಗಾರಿನ ಗಾಳಿ ಭೀಕರ, ಮೇಲುಕ್ಕು ಅದಕ್ಕೆ ತಕ್ಕಂತೆ. ವಾರೆನ್ ಪ್ರೆಲ್, ವಿಲಿಯಂ ಕರಿ 1981ರಲ್ಲೇ ಬುಲ್ಲಾಯ್ಡಿಸ್‌ಗೂ ಮೇಲುಕ್ಕಿಗೂ ಇರುವ ನಂಟನ್ನು ಅಲ್ಲಿ ತೋರಿಸಿದ್ದರು. 1987ರಲ್ಲಿ ಅಂತರರಾಷ್ಟ್ರೀಯ ಕೊರೆತದ ಹಡಗು ಅಲ್ಲಿಗೆ ಹೋಯಿತು. ಆ ಕೆಸರಿನಿಂದ ಖರಗ್‌ಪುರ ಐಐಟಿಯ ಅನಿಲ್ ಗುಪ್ತ, ಅಮೆರಿಕದ ಆಂಡರ್ಸನ್ ಮತ್ತು ಓವರ್‌ಪೆಕ್ 2003ರಲ್ಲಿ ತೋರಿಸಿದ್ದು ಗಮನಾರ್ಹ. ಕಳೆದ ಹನ್ನೊಂದು ಸಾವಿರ ವರ್ಷಗಳಲ್ಲಿ ಉತ್ತರ ಅಟ್ಲಾಂಟಿಕ್ ತಣ್ಣಗಾದಾಗಲೆಲ್ಲ ನಮ್ಮ ಮುಂಗಾರಿನ ಗಾಳಿ ಕುಗ್ಗಿತ್ತು. ಅದೇ ಗುಂಪು ಅದರ ಹಿಂದಿನ ವರ್ಷ, ಸುಮಾರು 1600ರ ಬಳಿಕ ಮುಂಗಾರಿನ ಗಾಳಿ ಬಲಗೊಳ್ಳುತ್ತ ಬಂದಿದೆ ಎಂದಿತ್ತು.

ಒಮಾನ್‌ನಲ್ಲಿ ಹೊಂದಿದ ಬೀಗದಕೈ ಕೊಚ್ಚಿಯ ಬೀಗಕ್ಕೆ ಹೊಂದುವುದಿಲ್ಲ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಒಮಾನ್ ಮರುಭೂಮಿ, ಅಲ್ಲಿ ಹೊಳೆ ಇಲ್ಲ. ಕೇರಳದಲ್ಲಿ 44 ನದಿಗಳಿವೆ, 41 ಪಶ್ಚಿಮಕ್ಕೆ ಹರಿಯುತ್ತವೆ. ತಣ್ಣೀರು ಏಳುವ ಅದೇ ಜೂನ್-ಜುಲೈನಲ್ಲಿ ಪೆರಿಯಾರ್ ಮುಂತಾದವು ಘಟ್ಟದ ಮಳೆಯನ್ನೆಲ್ಲ ತಂದು ಕಡಲಿಗೆ ಸುರಿಯುತ್ತವೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೆಳುವಾಗಿ ಹರಡಿ ಕೆಳಗಿನ ನೀರು ಮೇಲೇಳದಂತೆ ತಡೆಯುತ್ತದೆ. ಮುಂಗಾರು ಬಲವಾದರೆ ಒಮಾನ್‌ನಲ್ಲಿ ಬುಲ್ಲಾಯ್ಡಿಸ್ ಏರಬಹುದು, ಕೊಚ್ಚಿಯಲ್ಲಿ ಇಳಿಯಲೂಬಹುದು. ಹೊಳೆಯೇ ಗೊಬ್ಬರ ತಂದು ಫೊರಾಮ್‌ಗಳಿಗೆ ಊಟ ಹಾಕಿದರೆ ಮೇಲುಕ್ಕು ಇಲ್ಲದೆಯೂ ಎಣಿಕೆ ಏರಬಹುದು. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಇದೇ ಕರೆಯನ್ನು ಹಿಡಿದು ಉತ್ತರಕ್ಕೆ ಬರುವುದು ಇನ್ನೊಂದು ಗೊಂದಲ.

ಹಿಮಯುಗದ ದಾಖಲೆ ಇದಕ್ಕೆ ಒಳ್ಳೆಯ ಪರೀಕ್ಷೆ. ಸುಮಾರು 21,000 ವರ್ಷಗಳ ಹಿಂದೆ ಮುಂಗಾರು ದುರ್ಬಲವಾಗಿತ್ತು, ಒಮಾನ್‌ನ ಮೇಲುಕ್ಕೂ ತಗ್ಗಿತ್ತು. ಹಾಗಿದ್ದರೆ ನಮ್ಮ ಕಡೆಯೂ ಕಡಲು ಬಡವಾಗಿರಬೇಕಿತ್ತು. ಆದರೆ ಮೆಲೋತ್ ತಂಬಾನ್ ಮತ್ತು ಸಂಗಡಿಗರು 2001ರಲ್ಲಿ ಭಾರತದ ನೈಋತ್ಯ ಅಂಚಿನಿಂದ ಪ್ರಕಟಿಸಿದ ಅಧ್ಯಯನ, ಮಾಲ್ಡೀವ್ಸ್ ಬಳಿಯ ಕೋರ್‌ಗಳು, ಪೂರ್ವ ಅರಬ್ಬಿ ಸಮುದ್ರದ ಇತರ ಹಲವು ದಾಖಲೆಗಳು ಹೇಳುವುದು ಬೇರೆ. ಇಲ್ಲಿ ಹಿಮಯುಗದಲ್ಲೇ ಕಡಲಿನ ಉತ್ಪಾದನೆ ಹೆಚ್ಚಿತ್ತು. ಆಗ ಈಶಾನ್ಯದ ಚಳಿಗಾಲದ ಗಾಳಿ ಒಣಗಿತ್ತು, ಚುರುಕಾಗಿತ್ತು. ಅದು ಮೇಲ್ನೀರನ್ನು ತಣಿಸಿ, ಭಾರವಾಗಿಸಿ, ಆಳದವರೆಗೆ ಕಲಕಿತು. ಹೊಳೆಗಳ ಸಿಹಿನೀರೂ ಕಡಿಮೆಯಿದ್ದುದರಿಂದ ಆ ಕಲಕಾಟಕ್ಕೆ ತಡೆಯಿರಲಿಲ್ಲ. ಗೊಬ್ಬರ ಬೆಳಕಿಗೆ ಬಂತು, ಆದರೆ ಮಳೆಗಾಲದ ಮೇಲುಕ್ಕಿನಿಂದಲ್ಲ. ಫೊರಾಮ್‌ಗಳ ಎಣಿಕೆಯಿಂದ ತಿಳಿಯುವುದು ಊಟ ಇತ್ತು ಎಂಬುದಷ್ಟೇ. ಬಡಿಸಿದವರು ಯಾರು ಎಂಬುದಕ್ಕೆ ರಸಾಯನ, ಉಪ್ಪಿನ ಲೆಕ್ಕ, ತಳದಲ್ಲಿ ಬದುಕುವ ಫೊರಾಮ್ ಜಾತಿಗಳು, ಎಲ್ಲವನ್ನೂ ಸೇರಿಸಿ ನೋಡಬೇಕು. ಬುಲ್ಲಾಯ್ಡಿಸ್‌ನ ಒಂದು ಗೆರೆ ಎಳೆದು ಅದನ್ನೇ ಕೇರಳದ ಮೇಲುಕ್ಕಿನ ಇತಿಹಾಸ ಎಂದರೆ ಒಪ್ಪಲಾಗದು.

ಹಾಗಾದರೆ ಬೂತಾಯಿಯ ಪ್ರಶ್ನೆಗೆ ಕೆಸರು ಉತ್ತರ ಕೊಡಬಲ್ಲದೇ? ಅಮೆರಿಕದ ಪಶ್ಚಿಮ ಕರೆಯಲ್ಲಿ ಕೊಟ್ಟಿದೆ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಬೇಸಿನ್ನಿನ ತಳದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹುಳುಗಳು ಕೆಸರನ್ನು ಕಲಕುವುದಿಲ್ಲ, ವರ್ಷ ವರ್ಷದ ಪದರಗಳು ಹಾಗೇ ಉಳಿದಿವೆ. ಸೂಟರ್ ಮತ್ತು ಐಸಾಕ್ಸ್ 1969ರಲ್ಲಿ ಆ ಪದರಗಳಲ್ಲಿನ ಮೀನಿನ ಹುರುಪೆಗಳನ್ನೇ ಎಣಿಸಿ, ದೊಡ್ಡ ಮೀನುಗಾರಿಕೆ ಶುರುವಾಗುವ ಮುನ್ನವೂ ಅಲ್ಲಿನ ಸಾರ್ಡೀನ್ ಪದೇ ಪದೇ ಮಾಯವಾಗಿ ಮರಳುತ್ತಿತ್ತು ಎಂದು ತೋರಿಸಿದರು. ನಮ್ಮ ಕರೆ ಅಷ್ಟು ಅನುಕೂಲದ್ದಲ್ಲ. ಅರಬ್ಬಿ ಸಮುದ್ರದಲ್ಲಿ 150ರಿಂದ 1,200 ಮೀಟರ್ ಆಳದವರೆಗೆ ಆಮ್ಲಜನಕ ಕಡಿಮೆಯಿರುವ ಪಟ್ಟಿ ಇದೆಯಾದರೂ ದಕ್ಷಿಣಕ್ಕೆ ಬಂದಂತೆ ಅದರ ತೀವ್ರತೆ ಇಳಿಯುತ್ತದೆ. ಗದ್ದೆಗೆ ನೇಗಿಲು ಹೊಡೆದ ಹಾಗೆ ಹುಳುಗಳು ಮೇಲಿನ ಕೆಲವು ಸೆಂಟಿಮೀಟರ್ ಕೆಸರನ್ನು ತಿರುವಿ ಹಾಕುತ್ತವೆ, ಹಲವು ದಶಕಗಳ ಅಥವಾ ಶತಮಾನಗಳ ಚಿಪ್ಪುಗಳು ಒಂದೇ ಬಿಲ್ಲೆಯಲ್ಲಿ ಬೆರೆಯುತ್ತವೆ. ಬೂತಾಯಿಯ ಕುಸಿತವಾದರೋ ಎಂಟು ಹತ್ತು ವರ್ಷಗಳ ಸಂಗತಿ. ಕಡಲ ತಳದ ಇಳಿಜಾರಿನ ಕೆಸರಿನಿಂದ ಒಂದೊಂದು ವರ್ಷದ ಕಥೆ ತಿಳಿಯದು. ಶತಮಾನಗಳ ಒಲವು ತಿಳಿಯುತ್ತದೆ, ಬಿಸಿಯಾದ ಕಡಲಿನಲ್ಲಿ ಈ ಕರೆಯ ಮೇಲುಕ್ಕು ಎತ್ತ ಹೋಗುತ್ತದೆ ಎಂಬುದರ ಸುಳಿವು ಸಿಗುತ್ತದೆ. ಅದು ಸಣ್ಣದಲ್ಲ.

ದಡಕ್ಕೆ ಹತ್ತಿರ, ಕೆಸರು ಬೇಗ ಬೇಗ ತುಂಬುವಲ್ಲಿ, ಇನ್ನೂ ಸೂಕ್ಷ್ಮ ದಾಖಲೆ ಸಿಗಬಹುದು. ಆದರೆ ಅಲ್ಲಿ ಎರಡು ಶತ್ರುಗಳು. ಆಲಪ್ಪುಳದ ಚಾಕರದಂಥ ಮಣ್ಣಿನ ದಿಬ್ಬಗಳು ಮಳೆಗಾಲದಲ್ಲಿ ತಾವೇ ಕದಡಿಕೊಳ್ಳುತ್ತವೆ. ಟ್ರಾಲ್ ಬಲೆಗಳು ತಳವನ್ನು ಉಜ್ಜುತ್ತವೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಕರ್ನಾಟಕದಲ್ಲಿ 61 ದಿನ. ಉಳಿದ ದಿನಗಳಲ್ಲಿ ಉಜ್ಜಿದ ಜಾಗವನ್ನೇ ಉಜ್ಜಿದರೆ ಕೊನೆಯ ನೂರಿನ್ನೂರು ವರ್ಷಗಳನ್ನು ಹಿಡಿದಿಟ್ಟ ಮೇಲ್ಪದರವೇ ಮೊದಲು ಅಳಿಸಿಹೋಗುತ್ತದೆ. ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಆ ಪದರ.

ಈಗ ಮರಳಿನ ಸರದಿ. 2024ರ ನವೆಂಬರ್‌ನಲ್ಲಿ ಕೇಂದ್ರ ಗಣಿ ಸಚಿವಾಲಯ ಹರಾಜಿಗಿಟ್ಟ ಸಮುದ್ರ ಬ್ಲಾಕುಗಳಲ್ಲಿ ಕೊಚ್ಚಿ ಮತ್ತು ತಿರುವನಂತಪುರದ ನಡುವಿನ ಕೊಲ್ಲಂ ಕಡಲಿನ ಮೂರು ಮರಳು ಬ್ಲಾಕುಗಳಿವೆ. ಕೇರಳದ ಮೀನುಗಾರರು 2025ರ ಫೆಬ್ರುವರಿಯಲ್ಲಿ ಬೀದಿಗಿಳಿದರು. ಅವರ ಆತಂಕ ಮೀನಿನದು, ನ್ಯಾಯವಾದದ್ದು. ನನ್ನದು ಅದರ ಜೊತೆಗೆ ಇನ್ನೊಂದು. ಹಿಮಯುಗದಲ್ಲಿ ಸಮುದ್ರದ ಮಟ್ಟ ಸುಮಾರು 120 ಮೀಟರ್ ಕೆಳಗಿತ್ತು. ಈ ಕರೆಯ ಹೊರ ಶೆಲ್ಫಿನಲ್ಲಿ, ಅಂದರೆ ದಡದಾಚೆಯ ಆಳವಿಲ್ಲದ ಕಡಲ ತಳದ ಹೊರ ಭಾಗದಲ್ಲಿರುವ ಹಳೆಯ ಮರಳು ಅಂದಿನ ದಡಗಳದು, ನೀರು ಏರುತ್ತ ಬಂದ ಚರಿತ್ರೆಯೂ ಅದರಲ್ಲಿದೆ. ಹಡಗು ಹೀರಿದ ಮೇಲೆ ಅದನ್ನು ಮತ್ತೆ ಜೋಡಿಸಲು ಬರುವುದಿಲ್ಲ.

ಮರಳಿನ ನಿರ್ಧಾರ ಏನೇ ಆಗಲಿ, ಆ ಬ್ಲಾಕುಗಳಲ್ಲಿ ಯಂತ್ರ ಇಳಿಯುವ ಮೊದಲು ಅಲ್ಲಿಂದಲೂ ಆಚೆಯ ಇಳಿಜಾರಿನಿಂದಲೂ ಸಾಲಾಗಿ ಕೋರ್ ತೆಗೆಯಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಾಗರ ವಿಭಾಗದ ಕೇಂದ್ರ ಕಚೇರಿ ಮಂಗಳೂರಿನಲ್ಲೇ ಇದೆ, 'ಸಮುದ್ರ ರತ್ನಾಕರ' ಎಂಬ ಹಡಗೂ ಅದರ ಬಳಿ ಇದೆ. ತೆಗೆದ ಪ್ರತಿ ಕೋರನ್ನು ಉದ್ದಕ್ಕೆ ಸೀಳಿ, ಒಂದರ್ಧವನ್ನು ಇಂದಿನ ಸಂಶೋಧಕರಿಗೆ ಕೊಟ್ಟು, ಇನ್ನೊಂದರ್ಧವನ್ನು ಮುಟ್ಟದೆ 4 ಡಿಗ್ರಿ ತಂಪಿನಲ್ಲಿ ಇಡಬೇಕು. ಅಂತರರಾಷ್ಟ್ರೀಯ ಕೊರೆತದ ಹಡಗುಗಳು ಹಿಂದೂ ಮಹಾಸಾಗರದಿಂದ ತೆಗೆದ ಕೋರ್‌ಗಳು ಜಪಾನಿನ ಶಿಕೊಕು ದ್ವೀಪದ ಕೋಚಿ ನಗರದಲ್ಲಿ ಹೀಗೆಯೇ ಇವೆ. ಯಾರು ಬೇಕಾದರೂ ಕಾರಣ ಬರೆದು ಕೇಳಿ ಮಾದರಿ ತರಿಸಿಕೊಳ್ಳಬಹುದು. ಮೀನಿನ ಲೆಕ್ಕ ಇಡುವ ಸಂಸ್ಥೆ, ಸಾಗರವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಸಾಗರ ಭೂವಿಜ್ಞಾನ ಕಲಿಸುವ ವಿಶ್ವವಿದ್ಯಾಲಯ, ಮೂರೂ ಇರುವ ನಮ್ಮ ಕೊಚ್ಚಿಯಲ್ಲೂ ಈ ಕರೆಯ ಕೆಸರಿಗಾಗಿ ಅಂಥದೊಂದು ತೆರೆದ ಭಂಡಾರ ಬೇಕು, ಕನ್ಯಾಕುಮಾರಿಯಿಂದ ಕಾರವಾರದವರೆಗಿನ ಕೋರ್‌ಗಳು ಅಲ್ಲಿ ಒಂದೇ ಪಟ್ಟಿಯಲ್ಲಿರಬೇಕು.